ಸೈ ಹಾಕಿದವರು, ತೀರ್ಪು ಕೊಟ್ಟವರು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಮುಂಗಾರು ಹಿಡಿದುಕೊಂಡ ಮೇಲೆ ಎರಡೂ ಬದಿ ಹಳದಿ. ಒಂದು ಹೊಲದಲ್ಲಿ ಸೂರ್ಯಕಾಂತಿ, ಪಕ್ಕದ್ದರಲ್ಲಿ ಚೆಂಡುಹೂ. ಈ ಚೆಂಡುಹೂ ಮಾಲೆ ಕಟ್ಟುವುದಕ್ಕಿಂತ ಹೆಚ್ಚಾಗಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕೇರಳದ ಕಡೆಯಿಂದ ಬಂದ ಕಾರುಗಳು ಸಾಲಾಗಿ ನಿಂತಿರುತ್ತವೆ. ಹೊಲಕ್ಕಿಳಿದು ಫೋಟೋ ತೆಗೆಸಿಕೊಳ್ಳುವವರ ಹತ್ತಿರ ರೈತರು ಈಗೀಗ ಕಾಸು ಕೇಳುತ್ತಾರೆ. ಕೇಳಲಿ ಬಿಡಿ, ತುಳಿಸಿಕೊಳ್ಳುವ ಗಿಡ ಅವರದು.

ಜೊತೆಗಿದ್ದವಳು ಚಿಕ್ಕಪ್ಪನ ಮಗಳು. ನ್ಯೂಜೆರ್ಸಿಗೆ ಹೋಗಿ ಸೇರಿ ಇಪ್ಪತ್ತು ವರ್ಷದ ಮೇಲಾಯಿತು, ಅಲ್ಲಿಯ ಪೌರತ್ವವೂ ಆಗಿದೆ. ಊರಿಗೆ ಬಂದಾಗಲೆಲ್ಲ ಅವಳಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಆಗಲೇಬೇಕು. ಚಿಕ್ಕಂದಿನಲ್ಲಿ ಅವರಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಬೆಟ್ಟದ ತುದಿಯವರೆಗೂ ಕರೆದೊಯ್ದಿದ್ದರಂತೆ. ಈಗ ಸ್ವಂತ ಗಾಡಿ ಮೇಲೆ ಹೋಗುವಂತಿಲ್ಲ. ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಬಂಡೀಪುರದ ಹುಲಿ ಕಾಡಿನೊಳಗಿನ ರಸ್ತೆ ಅದು, ಈ ಏರ್ಪಾಡು ಮೊದಲೇ ಆಗಬೇಕಿತ್ತು ಅನ್ನುವವನು ನಾನು. ಅವಳಿಗೆ ಮಾತ್ರ ಸ್ಕೂಟರು ಹೋದ ದುಃಖ.

ಹಂಗಳದಲ್ಲಿ ಊಟಿ ರಸ್ತೆ ಬಿಟ್ಟು ಬಲಕ್ಕೆ ತಿರುಗಬೇಕು. ತಿರುಗುವ ಮುಂಚೆ ಟೀ ಕುಡಿದೆವು. ಬೆಂಚಿನ ಮೇಲೆ ಆ ದಿನದ ಪೇಪರು ಬಿದ್ದಿತ್ತು. ಯಾವುದೋ ಕೊಲೆ ಕೇಸಿನಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳು ಖುಲಾಸೆಯಾದ ಸುದ್ದಿ. ಅವಳು ಅದನ್ನು ಪೂರ್ತಿ ಓದಿ, "ಇಲ್ಲಿ ಮಹಜರಿಗೆ ಸೈ ಹಾಕಿದವರು ಅಂತ ಬರೆದಿದ್ದಾರಲ್ಲ, ಅವರು ಯಾರು? ಪೊಲೀಸರೇನಾ?" ಅಂದಳು. ನಾನು ಬಾಯಿ ತೆಗೆಯುವುದರೊಳಗೆ ಟೀ ಅಂಗಡಿಯವರೇ ಉತ್ತರ ಕೊಟ್ಟರು: "ಪೊಲೀಸ್ನೋರಲ್ಲ ಕನಕ್ಕ, ನಾವೇಯ. ರಸ್ತೇಲಿ ಅಂಗಡಿ ಮಡಿಕಂಡಿರೋರು. ಆಕ್ಸಿಡೆಂಟ್ ಆದ್ರ ನಾವು, ಕಳ್ಳತನ ಆದ್ರ ನಾವು. ಜೀಪು ನಿಂತದು ಕಂಡ್ರ ಸಾಕು, ಒಳಕ್ಕ ಹೋಗಿ ಹಾಲು ನೋಡ್ತಾ ಕೂತ್ಕತೀನಿ."

ಅವಳು ನಕ್ಕಳು. ಕಾರು ಹತ್ತಿದ ಮೇಲೆ ನಗು ನಿಂತಿತು. "ನಾನೂ ಒಂದು ಸಲ ಕೋರ್ಟಿಗೆ ಹೋಗಿದ್ದೆ ಅಣ್ಣ, ನಿನಗೆ ಹೇಳೇ ಇಲ್ಲ," ಅಂದಳು. "ಸಾಕ್ಷಿ ಆಗಲ್ಲ. ಜ್ಯೂರಿಯಾಗಿ."

ಸಿನಿಮಾದಲ್ಲಿ ನೋಡಿರುತ್ತೇವೆ. 1957ರ ಅಮೆರಿಕದ ಹನ್ನೆರಡು ಮಂದಿ ಕೋಪಿಷ್ಠರ ಚಿತ್ರ ಹಿಂದಿಗೆ ಬಂತು, 2012ರಲ್ಲಿ 'ದಶಮುಖ' ಆಗಿ ಕನ್ನಡಕ್ಕೂ ಬಂತು. ನಮ್ಮ ಮನೆಯವರೊಬ್ಬರು ಆ ಕುರ್ಚಿಯಲ್ಲಿ ಕೂತು ಎದ್ದು ಬಂದಿದ್ದಾರೆ ಅಂದರೆ ಕೇಳದೇ ಬಿಡುವುದು ಹೇಗೆ? ಆದರೆ ಅಷ್ಟರಲ್ಲಿ ಬೆಟ್ಟದ ಬುಡ ಬಂತು. ಶನಿವಾರ, ಟಿಕೆಟಿಗೆ ಸಾಲು. ಮುಂದೆ ನಿಂತಿದ್ದವರು ಬಿಳಿ ಪಂಚೆ, ಹೆಗಲ ಮೇಲೊಂದು ಟವಲು, ಕೈಯಲ್ಲಿ ಹಣ್ಣುಕಾಯಿ ಚೀಲ ಹಿಡಿದ ವಯಸ್ಸಾದ ಯಜಮಾನರು. ಬೆಟ್ಟದಡಿಯ ಊರಿನವರೇ. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟೇ ಅವರಿಗೆ ಸಿಕ್ಕಿತು.

ತಿರುವುಗಳ ದಾರಿ. ಕೆಳಗೆ ಬಿಸಿಲು ಇದ್ದದ್ದು ನಾಲ್ಕು ತಿರುವು ಕಳೆಯುವುದರೊಳಗೆ ಮಾಯ. 2019ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗ ಈ ಇಳಿಜಾರೆಲ್ಲ ಕರಿ ಹೊದ್ದು ಮಲಗಿತ್ತು, ಈಗ ಹುಲ್ಲು ಮೊಣಕಾಲು ಮುಚ್ಚುತ್ತದೆ. ಬಸ್ಸಿನ ಕಿಟಕಿಗೆ ಮಂಜು ಅಂಟಿಕೊಂಡು ಹೊರಗಿನ ಆನೆಯೂ ಒಂದೇ, ಬಂಡೆಯೂ ಒಂದೇ. ಆನೆ ಇಲ್ಲಿ ಬಾಯಿಮಾತಿಗೆ ಹೇಳುವ ಪ್ರಾಣಿಯಲ್ಲ. ಒಂಟಿ ಸಲಗವೊಂದು ದೇವಸ್ಥಾನದ ಮೆಟ್ಟಿಲವರೆಗೂ ಬಂದು ಹೋಗುವುದನ್ನು ಎಷ್ಟೋ ಮಂದಿ ಫೋನಿನಲ್ಲಿ ಹಿಡಿದಿದ್ದಾರೆ.

ತುದಿಯ ಎತ್ತರ ಸಮುದ್ರಮಟ್ಟದಿಂದ 1,454 ಮೀಟರ್. ಇಳಿದ ಕೂಡಲೇ ಗಾಳಿ ಕಪಾಳಕ್ಕೆ ಬಡಿಯುತ್ತದೆ. ದೇವಸ್ಥಾನ ಹೊಯ್ಸಳರ ಕಾಲದ್ದೆನ್ನುತ್ತಾರೆ, ಮೈಸೂರು ಒಡೆಯರು ನಡೆದುಕೊಂಡ ದೇವರು. ಒಳಗೆ ಮರದ ನೆರಳಲ್ಲಿ ನಿಂತು ಕೊಳಲೂದುವ ಗೋಪಾಲ. ಗರ್ಭಗುಡಿಯ ಕಲ್ಲು ಸದಾ ಥಂಡಿ, ಆ ತೇವವನ್ನೇ ಅರ್ಚಕರು ಭಕ್ತರ ತಲೆಗೆ ಚಿಮುಕಿಸುತ್ತಾರೆ. ಹೆಸರಿನಲ್ಲಿರುವ ಹಿಮ ಅಲ್ಲಿಂದಲೇ ಬಂದದ್ದೆಂದು ಎಲ್ಲರೂ ನಂಬಿದ್ದಾರೆ. ಪಕ್ಕದ ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯಿತಂತೆ, ಅದಕ್ಕೇ ಈ ಬೆಟ್ಟಕ್ಕೆ ಕಾಗೆ ಬರುವುದಿಲ್ಲವಂತೆ. ನನ್ನ ಕಣ್ಣಿಗೆ ಕಾಗೆ ಬೀಳಲಿಲ್ಲ. ಆ ಮಂಜಿನಲ್ಲಿ ಏನೂ ಬೀಳಲಿಲ್ಲ ಅನ್ನುವುದೂ ನಿಜ.

ಪ್ರಸಾದ ತೆಗೆದುಕೊಂಡು ಗೋಡೆಯ ಮರೆಗೆ ಕೂತೆವು. ಯಜಮಾನರೂ ಬಂದು ಕೂತರು. ಅವಳು ಹೇಳತೊಡಗಿದಳು.

"ಮೊದಲು ಬಂದಿದ್ದು ಸಿಟ್ಟು ಕಣೋ ಅಣ್ಣ. ಅಂಚೆಯಲ್ಲಿ ಕಾಗದ ಬಂತು, ಇಂಥ ದಿನ ಹಾಜರಾಗು ಅಂತ. ಆಫೀಸಿನಲ್ಲಿ ಕೆಲಸ ತಲೆ ಮೇಲಿತ್ತು. ತಪ್ಪಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಡೋದಕ್ಕೆ ಎಲ್ಲರೂ ತಯಾರು. ಪೊಲೀಸರನ್ನ ಕಂಡರೆ ಆಗಲ್ಲ ಅನ್ನು, ಬಿಟ್ಟುಬಿಡ್ತಾರೆ ಅಂತ ಒಬ್ಬ. ಇಂಗ್ಲಿಷ್ ಸರಿಯಾಗಿ ಬರಲ್ಲ ಅನ್ನು ಅಂತ ಇನ್ನೊಬ್ಬ. ಇಪ್ಪತ್ತು ವರ್ಷ ಅಲ್ಲಿ ದುಡಿದು ಭಾಷೆ ಬರಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ದೊಡ್ಡ ಹಾಲಿನಲ್ಲಿ ನೂರಾರು ಜನ ಸುಮ್ಮನೆ ಕಾಯುವುದು. ಟಿವಿ, ಹಳೆಯ ಪತ್ರಿಕೆಗಳು, ಒಬ್ಬಾಕೆ ಸ್ವೆಟರ್ ಹೆಣೆಯುತ್ತಿದ್ದಳಂತೆ. ಮಧ್ಯಾಹ್ನದ ಮೇಲೆ ಹೆಸರು ಕೂಗಿದರು. ನ್ಯಾಯಾಧೀಶರ ಮುಂದೆ ಒಬ್ಬೊಬ್ಬರನ್ನೂ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಕಳ್ಳತನವಾಗಿತ್ತೇ? ಪೊಲೀಸರೊಬ್ಬರು ಹೇಳಿದ್ದಕ್ಕೆ ಉಳಿದವರ ಮಾತಿಗಿಂತ ಹೆಚ್ಚು ಬೆಲೆ ಕೊಡುತ್ತೀರಾ? ಈ ಎರಡನೆಯ ಪ್ರಶ್ನೆ ಅವಳನ್ನು ತಬ್ಬಿಬ್ಬು ಮಾಡಿತ್ತು. ಪೊಲೀಸರ ಎದುರಿಗೇ ಹಾಗೆ ಕೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲ, ಎಲ್ಲರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇನೆ ಎಂದಳು. ಆಯ್ಕೆಯಾದಳು.

ಪೆಟ್ರೋಲ್ ಬಂಕಿನಲ್ಲಿ ರಾತ್ರಿ ನಡೆದ ಸುಲಿಗೆ. ಆರೋಪಿ ಇಪ್ಪತ್ತರ ಆಸುಪಾಸಿನ ಹುಡುಗ. ಗುರುತು ಹಿಡಿದವನು ಒಬ್ಬನೇ, ಬಂಕಿನ ಕೆಲಸಗಾರ. ಸ್ಕೂಲ್ ಬಸ್ ಓಡಿಸುವವರು, ನರ್ಸು, ನಲ್ಲಿ ರಿಪೇರಿಯವರು, ಕಾಲೇಜು ಹುಡುಗಿ, ಜೊತೆಗೆ ಇವಳು, ಹೀಗೆ ಹನ್ನೆರಡು ಜನ. ವಿಚಾರಣೆ ಮುಗಿಯುವ ತನಕ ಕೇಸಿನ ಬಗ್ಗೆ ಯಾರ ಹತ್ತಿರವೂ ಮಾತಾಡುವಂತಿಲ್ಲ. ತಮ್ಮತಮ್ಮಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. "ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕ್ತಾ ನಿಂತಿರ್ತಿದ್ದೆ, ಇವರು ಏನಾಯ್ತು ಅಂದರೆ ಏನಿಲ್ಲ ಅಂತಿದ್ದೆ. ಮೂರನೇ ದಿನಕ್ಕೆ ಇವರಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು," ಎಂದು ನಕ್ಕಳು.

ಕೊನೆಗೆ ಬಾಗಿಲು ಹಾಕಿ ಕೂರಿಸಿದರು. ಮೊದಲ ಸುತ್ತಿನಲ್ಲಿ ಒಂಬತ್ತು ಮಂದಿ ತಪ್ಪಿತಸ್ಥ ಎಂದರು, ಮೂವರು ಅಲ್ಲ ಎಂದರು. ಇವಳು ಆ ಮೂವರಲ್ಲಿ. ಅಮೆರಿಕದಲ್ಲಿ ಇಂಥ ಕೇಸಿಗೆ ಹನ್ನೆರಡೂ ಮಂದಿ ಒಪ್ಪಬೇಕು. ಒಂದೆರಡು ರಾಜ್ಯಗಳಲ್ಲಿ ಹತ್ತು ಮಂದಿ ಸಾಕೆಂಬ ನಿಯಮವಿದ್ದದ್ದನ್ನೂ ಅಲ್ಲಿಯ ಸುಪ್ರೀಂ ಕೋರ್ಟು 2020ರಲ್ಲಿ ತೆಗೆದುಹಾಕಿತು. ಎರಡು ದಿನ ಜಗ್ಗಾಡಿದರು. ಬಂಕಿನ ದೀಪ ಎಷ್ಟು ದೂರ ಬೀಳುತ್ತದೆ, ಟೋಪಿ ಇತ್ತೋ ಇರಲಿಲ್ಲವೋ, ಕ್ಯಾಮೆರಾದ ಗಡಿಯಾರ ಸರಿಯಿತ್ತೇ. ಎರಡನೆಯ ದಿನ ಸಂಜೆ ಹನ್ನೆರಡೂ ಮಂದಿ ಒಂದಾದರು. ತಪ್ಪಿತಸ್ಥ.

"ತೀರ್ಪು ಓದಿದ ಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದರು, ಇದು ನಿಮ್ಮ ತೀರ್ಪೇ ಅಂತ. ನನ್ನ ಸರದಿ ಬಂತು. ಹೌದು ಅಂದೆ. ಆ ಹುಡುಗ ನನ್ನನ್ನೇ ನೋಡ್ತಿದ್ದ. ನಾನು ಮನಸಾರೆ ಒಪ್ಪಿದೆನೋ, ಸುಸ್ತಾಗಿ ಒಪ್ಪಿದೆನೋ ಇವತ್ತಿಗೂ ಗೊತ್ತಿಲ್ಲ ಅಣ್ಣ."

ಯಾರೂ ಏನೂ ಅನ್ನಲಿಲ್ಲ. ಆಮೇಲೆ ನಾನೇ ಕೇಳಿದೆ, ಮತ್ತೆ ಕರೆದರೆ ಹೋಗ್ತೀಯಾ ಅಂತ.

"ಹೋಗ್ತೀನಿ. ಗೊಣಗಿಕೊಂಡೇ ಹೋಗ್ತೀನಿ. ಅವರು ಕೊಟ್ಟ ಚೆಕ್ಕು ಊಟದ ಖರ್ಚಿಗೂ ಸಾಲಲಿಲ್ಲ. ಆದರೆ ಆ ಒಂದು ವಾರ ನಾನು ಅಲ್ಲಿ ಬಾಡಿಗೆಗೆ ಇರೋಳಲ್ಲ ಅನ್ನಿಸಿತು."

ಇದು ಅವಳೊಬ್ಬಳ ಅನುಭವವಲ್ಲ. ಸಂಶೋಧಕ ಜಾನ್ ಗ್ಯಾಸ್ಟಿಲ್ ಮತ್ತು ಸಂಗಡಿಗರು ಅಮೆರಿಕದ ಸಾವಿರಾರು ಜ್ಯೂರಿ ಸದಸ್ಯರ ಮತದಾನದ ದಾಖಲೆ ತೆಗೆದು ನೋಡಿ 2010ರಲ್ಲಿ ಪುಸ್ತಕ ಬರೆದರು. ಅದುವರೆಗೆ ಓಟಿನ ಕಡೆ ತಲೆ ಹಾಕದಿದ್ದವರೂ ಕ್ರಿಮಿನಲ್ ಕೇಸಿನಲ್ಲಿ ಕೂತು ಚರ್ಚಿಸಿ ಬಂದ ಮೇಲೆ ಹೆಚ್ಚಾಗಿ ಓಟು ಹಾಕತೊಡಗಿದ್ದು ಅವರಿಗೆ ಕಂಡಿತು. ಸಮನ್ಸಿಗೆ ಬೈಯುತ್ತಾ ಹೋದವರು ಬರುವಾಗ ಬೇರೆಯವರಾಗಿ ಬರುತ್ತಾರೆ. ಆದರೆ ಇದು ಕೂತು ಚರ್ಚಿಸಿದವರ ಮಾತು. ದಿನವಿಡೀ ಹಾಲಿನಲ್ಲಿ ಕಾಯಿಸಿ ಮನೆಗೆ ಕಳಿಸಿದವರಿಗೆ ಅದು ಬರೀ ಹಾಳಾದ ದಿನ.

ಯಜಮಾನರು ಇಷ್ಟೂ ಹೊತ್ತು ಬಾಳೆಹಣ್ಣಿನ ಸಿಪ್ಪೆ ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ ತೀರ್ಪಿನದಲ್ಲ.

"ಕೂರಕ್ಕ ಕುರ್ಚಿ ಕೊಟ್ರಾ ಅವ್ವ ಅಲ್ಲಿ?"

"ಕೊಟ್ಟರು ತಾತ. ನಾವು ಒಳಗೆ ಬರುವಾಗ ಎಲ್ಲರೂ ಎದ್ದು ನಿಲ್ತಾ ಇದ್ದರು."

"ಎಲ್ಲಾರೂ ಅಂದ್ರ?"

"ಜಡ್ಜ್ ಸಮೇತ."

ಅವರು ನನ್ನ ಮುಖ ನೋಡಿದರು, ಹುಡುಗಿ ತಮಾಷೆ ಮಾಡುತ್ತಿದ್ದಾಳೆಯೇ ಎಂದು. ಆಮೇಲೆ ತಮ್ಮ ಕತೆ ತೆಗೆದರು.

"ದನ ಹೊಡ್ಕಂಡು ಬತ್ತಾ ಇದ್ದಿ. ಹೊಲದ ಅಂಚ್ಗ ಜೀಪು ನಿಂತಿತ್ತು. ಕಾಡಂದಿಗೋ ಜಿಂಕೆಗೋ ಯಾರೋ ತಂತಿ ಉರುಳು ಕಟ್ಟಿದ್ರಂತ. ಬಾ ಯಜಮಾನ, ಇಲ್ಲೊಂದು ಸೈ ಹಾಕು ಅಂದ್ರು. ಏನಕ್ಕ ಅಂದಿ. ಮಹಜರು ಅಂದ್ರು. ನಂಗ ಹೆಸರು ಬರಿಯಕ್ಕ ಬತ್ತದ, ಅವರು ಬರ್ದುದ್ದು ಓದಕ್ಕ ಬರಲ್ಲ. ಹಾಕ್ದಿ. ಹಿಡ್ದಿದ್ದು ಯಾರ್ನ ಅಂತ ಆಮೇಲ ಗೊತ್ತಾಯ್ತು, ನಮ್ಮೂರವ್ನೆಯ. ಅವ್ನ ಹೊಲದ ಬದು ದಾಟಿದ್ರ ನಮ್ಮ ಹೊಲ."

ಸೈ ಹಾಕಿ ಮನೆಗೆ ಬಂದದ್ದನ್ನು ಅವರು ಮರೆತೇಬಿಟ್ಟಿದ್ದರು. ಕಾಗದ ಮರೆಯಲಿಲ್ಲ. ನಾಲ್ಕು ವರ್ಷದ ಮೇಲೆ ಸಮನ್ಸ್ ಬಂತು. ಮೊದಲ ಸಲ ಹೋದಾಗ ನ್ಯಾಯಾಧೀಶರು ರಜ. ಎರಡನೆಯ ಸಲ ವಕೀಲರು ಬಂದಿರಲಿಲ್ಲ, ವಾಯಿದೆ ಬಿತ್ತು. ಮೂರನೆಯ ಸಲ ಕಟಕಟೆ ಹತ್ತಿಸಿದರು. "ಬೆಳಿಗ್ಗಯಿಂದ ವರಾಂಡದಲ್ಲಿ ನಿಂತು ಕಾಲು ಊದ್ಕಂಡಿದ್ವು. ಸೈ ನಿಂದೇನಾ ಅಂದ್ರು, ನಂದೇ ಅಂದಿ. ಉರುಳು ಎಲ್ಲಿತ್ತು, ಎಷ್ಟುದ್ದ ಇತ್ತು ಅಂದ್ರು. ನಾನೆಲ್ಲಿ ನೋಡಿನಿ ಸ್ವಾಮಿ? ಕಾಣೆ ಅಂದಿ. ಅಂದುದ್ಕ ಸರ್ಕಾರದ ವಕೀಲ್ರೇ ನನ್ನ ಮ್ಯಾಲ ಬಿದ್ರು. ಅವ್ನ ಕಡಯಿಂದ ದುಡ್ಡು ಈಸ್ಕಂಡು ಸುಳ್ಳು ಹೇಳ್ತಾ ಇದ್ದಯ ಅಂದ್ರು. ನಮ್ಮೂರಲ್ಲಿ ಇಷ್ಟು ವರ್ಷಕ್ಕ ನಂಗ ಯಾರೂ ಹಂಗ ಅಂದಿರ್ನಿಲ್ಲ ಕನವ್ವ."

ಕೇಸು ಏನಾಯಿತೆಂದು ಕೋರ್ಟಿನಿಂದ ಅವರಿಗೆ ಯಾರೂ ಹೇಳಲಿಲ್ಲ. ಖುಲಾಸೆಯಾದ ಸಂಗತಿಯನ್ನು ಆರೋಪಿಯೇ ಬಂದು ಹೇಳಿದನಂತೆ, ಲಡ್ಡು ಕೊಟ್ಟು. ಆ ಲಡ್ಡು ಗಂಟಲಲ್ಲಿ ಇಳಿಯಲಿಲ್ಲ ಎಂದರು, ಇನ್ನು ಯಾರು ಕರೆದರೂ ಹೋಗುವುದಿಲ್ಲ ಎಂದೂ ಅಂದರು. ಇವರಾಗಿ ಅವನನ್ನು ಬಿಡಿಸಿರಲಿಲ್ಲ, ಆದರೆ ಊರಿಗೆಲ್ಲ ಇವರೇ ಬಿಡಿಸಿದರೆಂದು ಖಾತ್ರಿ.

ನಮ್ಮ ದೇಶದಲ್ಲೂ ಜ್ಯೂರಿ ಇತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಇಪ್ಪತ್ತೊಂದರಿಂದ ಅರವತ್ತು ವರ್ಷದ ಗಂಡಸರೆಲ್ಲ ಕರೆದಾಗ ಹೋಗಬೇಕಿತ್ತು. ಹೆಂಗಸರ ಮಾತೇ ಇರಲಿಲ್ಲ, ನನ್ನ ತಂಗಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ಜ್ಯೂರಿ ಇದ್ದದ್ದೂ ಸರ್ಕಾರ ಗೊತ್ತುಮಾಡಿದ ಜಿಲ್ಲೆಗಳಲ್ಲಿ ಮಾತ್ರ. ಉಳಿದೆಡೆ ಸೆಷನ್ಸ್ ನ್ಯಾಯಾಧೀಶರ ಪಕ್ಕದಲ್ಲಿ ಅಸೆಸರ್‌ಗಳೆಂದು ಊರಿನ ಕೆಲವು ದೊಡ್ಡವರು ಕೂರುತ್ತಿದ್ದರು. ಅವರ ಅಭಿಪ್ರಾಯ ಕೇಳುತ್ತಿದ್ದರು, ಕೇಳಿದಂತೆ ನಡೆಯಬೇಕಾಗಿರಲಿಲ್ಲ. 1955ರ ತಿದ್ದುಪಡಿ ಅವರನ್ನು ತೆಗೆಯಿತು. ಜ್ಯೂರಿಯನ್ನು ಮುಗಿಸಿದ್ದು ನಾನಾವತಿ ಕೇಸು ಎಂದು ಎಲ್ಲರೂ ಹೇಳುತ್ತಾರೆ. 1959ರಲ್ಲಿ ಮುಂಬಯಿಯಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯನ್ನು ಒಂಬತ್ತರಲ್ಲಿ ಎಂಟು ಮಂದಿ ನಿರಪರಾಧಿ ಅಂದರು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ ಆ ಗುಂಡು ಹಾರುವ ಮೊದಲೇ, 1958ರಲ್ಲಿ, ಕಾನೂನು ಆಯೋಗ ತನ್ನ ಹದಿನಾಲ್ಕನೆಯ ವರದಿಯಲ್ಲಿ ಜ್ಯೂರಿ ಬೇಡವೆಂದು ಬರೆದಾಗಿತ್ತು. 1973ರ ಹೊಸ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಪಾರ್ಸಿಗಳ ಮದುವೆ ವ್ಯಾಜ್ಯಗಳಲ್ಲಿ ಮಾತ್ರ ಆ ಸಮುದಾಯದವರು ಐದು ಮಂದಿ ಪ್ರತಿನಿಧಿಗಳಾಗಿ ಕೂರುವ ಪದ್ಧತಿ 1936ರ ಕಾಯ್ದೆಯ ಬಲದಿಂದ ಉಳಿದುಕೊಂಡಿದೆ.

ಈ ಜಿಲ್ಲೆಯ ನೆಲಕ್ಕೆ ಅದಕ್ಕೂ ಹಳೆಯ ಕತೆಯಿದೆ. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಮದರಾಸು ಸರ್ಕಾರ ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಒತ್ತಾಯಕ್ಕೆ 1816ರಲ್ಲಿ ಹಳ್ಳಿ ಪಂಚಾಯಿತಿಗಳಿಗೆ ಸಿವಿಲ್ ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಕೊಟ್ಟು ಕಾನೂನು ಮಾಡಿತು. ನ್ಯಾಯ ಊರವರ ಕೈಯಲ್ಲೇ ಇರಲಿ ಅನ್ನುವುದು ಮನ್ರೋನ ಆಸೆ. ಜನ ಅತ್ತ ಹೆಚ್ಚು ತಿರುಗಲಿಲ್ಲ. ಅರಳಿಕಟ್ಟೆಯ ನ್ಯಾಯವನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಕಿರಿಕಿರಿ. ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದರು ಎಂಬುದನ್ನು ಈ ಸೀಮೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ದಂಡ ಹಾಕಿಸಿಕೊಂಡ ಮನೆ, ಬಹಿಷ್ಕಾರಕ್ಕೆ ಬಿದ್ದ ಮನೆ ಇನ್ನೂ ಕಣ್ಣೆದುರಿಗಿವೆ. ಹಾಗಾಗಿ ಜ್ಯೂರಿ ವಾಪಸು ಬರಲಿ ಅನ್ನುವ ವಾದ ನನ್ನದಲ್ಲ.

ಕೊನೆಯ ಬಸ್ಸಿಗೆ ಕಾಯದೆ ಇಳಿದೆವು. ಬುಡದಲ್ಲಿ ಯಜಮಾನರು ಟವಲು ಕೊಡವಿ, ತಂಗಿಯ ತಲೆ ಮುಟ್ಟಿ, ಹೊಲದ ದಾರಿ ಹಿಡಿದರು.

ಸಂಜೆ ಗುಂಡ್ಲುಪೇಟೆಯಲ್ಲಿ ವಕೀಲಿ ಮಾಡುವ ಗೆಳೆಯನ ಮನೆ. ಕೇಳಿದ್ದನ್ನೆಲ್ಲ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ. "ಠಾಣೆಯಲ್ಲಿ ಸೈ ಹಾಕಿದೆ, ಒಳಗೆ ಏನಿದೆ ಗೊತ್ತಿಲ್ಲ. ಈ ಮಾತು ಎಷ್ಟು ಸಲ ಕೇಳಿದ್ದೀನಿ ಅಂದರೆ, ಸಾಕ್ಷಿ ಬಾಯಿ ತೆಗೆಯೋ ಮೊದಲೇ ಸ್ಟೆನೋ ಟೈಪ್ ಮಾಡಿಬಿಡಬಹುದು," ಅಂದ. ಆಮೇಲೆ ಕಪಾಟಿನಿಂದ ಪುಸ್ತಕ ತೆಗೆದ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೆಯ ಕಲಂ ಶೋಧನೆಯ ಸಂಗತಿ ಹೇಳುತ್ತದೆ. ಆ ಸ್ಥಳದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು ಕರೆದು ಅವರ ಎದುರಿಗೇ ಶೋಧಿಸಬೇಕು. ಬರೆದು ಕೊಟ್ಟು ಕರೆದ ಮೇಲೂ ಸಕಾರಣವಿಲ್ಲದೆ ಹೋಗದಿದ್ದರೆ ಅದು ಅಪರಾಧ. ಹಳೆಯ ಸಂಹಿತೆಯ ನೂರನೆಯ ಕಲಮಿನಲ್ಲೂ ಇದೇ ಇತ್ತು. ಹೊಸದರಲ್ಲಿ ಸೇರಿರುವುದು ಶೋಧನೆ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆಂಬ 105ನೆಯ ಕಲಂ. ಕ್ಯಾಮೆರಾ ಬಂದರೆ ದನ ಹೊಡೆದುಕೊಂಡು ಬರುವವರನ್ನು ಹೊಲದಂಚಿನಲ್ಲಿ ನಿಲ್ಲಿಸಿ ಸೈ ಹಾಕಿಸುವುದು ಕಷ್ಟವಾಗುತ್ತದೆ ಎಂಬುದು ಗೆಳೆಯನ ನಂಬಿಕೆ. ಕ್ಯಾಮೆರಾ ಎಲ್ಲಿಂದ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದು ಹಿಡಿದವರ ಕೈಯಲ್ಲಿದೆ ಎಂಬುದು ನನ್ನ ಸಂದೇಹ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು 194ನೆಯ ಕಲಂ, ಶವ ಮಹಜರಿನದು. ಈ ಭಾಗದಲ್ಲಿ ಶವ ಮಹಜರು ಅಂದರೆ ಕೊಲೆಯೇ ಆಗಬೇಕಿಲ್ಲ. 2019ರಲ್ಲಿ ಹುಂಡೀಪುರ, ಚೌಡಹಳ್ಳಿ ಸುತ್ತ ಇಬ್ಬರನ್ನು ಕೊಂದ ಹುಲಿಯನ್ನು ಅಕ್ಟೋಬರಿನಲ್ಲಿ ಹಿಡಿಯುವ ತನಕ ಇಡೀ ಬೆಟ್ಟದಡಿ ನಿದ್ದೆ ಮಾಡಿರಲಿಲ್ಲ. ಅಸಹಜ ಸಾವು ಯಾವುದಾದರೂ ಸರಿ, ನೆರೆಹೊರೆಯ ಇಬ್ಬರಾದರೂ ಗೌರವಸ್ಥರ ಎದುರಿಗೆ ಗಾಯ ನೋಡಿ, ಸಾವಿಗೆ ಮೇಲ್ನೋಟಕ್ಕೆ ಕಾಣುವ ಕಾರಣ ಬರೆಯಬೇಕು. ವರದಿಗೆ ಪೊಲೀಸ್ ಅಧಿಕಾರಿ ಸಹಿ ಮಾಡಬೇಕು, ಬಂದವರೂ ಮಾಡಬೇಕು. ಎಲ್ಲರೂ ಅಲ್ಲ. ಬಂದವರಲ್ಲಿ ಎಷ್ಟು ಮಂದಿ ಆ ವರದಿಯನ್ನು ಒಪ್ಪುತ್ತಾರೋ ಅಷ್ಟು ಮಂದಿ. ಅಂದರೆ ಒಪ್ಪದಿರುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟೇ ಕರೆಯುತ್ತದೆ. ಗಾಯ ನೋಡು, ಯೋಚಿಸು, ಸರಿ ಅನ್ನಿಸಿದರೆ ಸಹಿ ಮಾಡು, ಇಲ್ಲವಾದರೆ ಬೇಡ. ಜ್ಯೂರಿ ಹೋದ ಮೇಲೆ ನಮ್ಮ ಸಾಮಾನ್ಯ ಕಾನೂನಿನಲ್ಲಿ ಊರಿನವರ ವಿವೇಕಕ್ಕೆ ಉಳಿದುಕೊಂಡ ಒಂದು ಚೂರು ಇದು.

"ಹಾಗೆ ಒಪ್ಪಲ್ಲ ಅಂದವರನ್ನ ನೋಡಿದ್ದೀಯಾ?" ಎಂದು ಗೆಳೆಯನನ್ನು ಕೇಳಿದೆ.

"ಒಪ್ಪಲ್ಲ ಅನ್ನೋಕೆ ಮೊದಲು ಅದರಲ್ಲಿ ಏನಿದೆ ಅಂತ ಗೊತ್ತಿರಬೇಕಲ್ಲಪ್ಪ," ಅಂದ.

ತಂಗಿ ಕಾಫಿ ಲೋಟ ಕೆಳಗಿಟ್ಟು ಹೇಳಿದಳು: "ನಮಗೆ ಮೊದಲ ಒಂದು ಗಂಟೆ ಅದನ್ನೇ ಹೇಳಿಕೊಟ್ಟಿದ್ದು. ನಿಮ್ಮ ಕೆಲಸ ಏನು, ಏನಲ್ಲ, ಯಾವುದಕ್ಕೆ ಹೆದರಬೇಕಾಗಿಲ್ಲ ಅಂತ. ಒಂದು ಸಣ್ಣ ಫಿಲಂ ಕೂಡ ತೋರಿಸಿದರು. ಆ ತಾತನಿಗೆ ಒಂದು ಮಾತು ಯಾರಾದರೂ ಹೇಳಿದ್ದರೆ ಅವರು ಜೀಪಿನ ಹತ್ತಿರವೇ ಉರುಳು ತೋರಿಸಿ ಅಂತಿದ್ದರು."

ಇದಕ್ಕೆ ಗೆಳೆಯ ಎದುರಾಡಿದ, ಅವನ ಮಾತಿನಲ್ಲೂ ಹುರುಳಿತ್ತು. ಜ್ಯೂರಿಯವರು ಊರಿಗೆ ಹೊರಗಿನವರು, ಆರೋಪಿಯ ಬದು ದಾಟಿದರೆ ಅವರ ಹೊಲ ಇರುವುದಿಲ್ಲ. ಆರೋಪಿಯನ್ನು ಬಲ್ಲವರನ್ನು ಮೊದಲೇ ಕೈಬಿಡುತ್ತಾರೆ. ನಮ್ಮ ಮಹಜರಿಗೆ ಬೇಕಾದವರೇ ಅದೇ ಊರಿನವರು. ಸತ್ಯ ಹೇಳಿದರೂ ನಾಳೆ ಅದೇ ಬಾವಿ, ಅದೇ ಬಸ್ಸು, ಅದೇ ಮದುವೆಮನೆ. ಬೆದರಿಕೆ ಬಂದರೆ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ, ಹೊಸ ಸಂಹಿತೆಯೂ ಪ್ರತಿ ರಾಜ್ಯ ಅಂಥದ್ದೊಂದನ್ನು ಮಾಡಲೇಬೇಕೆನ್ನುತ್ತದೆ. ಆದರೆ ಯಾರೂ ಬೆದರಿಸದೆಯೇ, ಬರೀ ಮುಖ ನೋಡಿ ಸುಮ್ಮನಾಗುವ ನೆರೆಯವನಿಂದ ಯಾವ ಯೋಜನೆ ಕಾಪಾಡುತ್ತದೆ?

ಅದಕ್ಕೆ ಉತ್ತರ ನನ್ನಲ್ಲೂ ಇಲ್ಲ. ಆದರೆ ನೆರೆಯವನ ಮುಖದ ಹೆದರಿಕೆ ಎಷ್ಟಿದ್ದರೂ ಯಜಮಾನರು ಸಮನ್ಸ್ ಬಂದಾಗಲೆಲ್ಲ ಹೋಗಿದ್ದರು. ಅವರನ್ನು ಮುರಿದದ್ದು ಆ ನೆರೆಯವನಲ್ಲ. ವರಾಂಡದಲ್ಲಿ ಕಾಲು ಊದುವ ತನಕ ನಿಲ್ಲಿಸಿದ್ದು, ತಾವು ನೋಡದ ಉರುಳಿನ ಅಳತೆ ಕೇಳಿ ಸುಳ್ಳ ಎಂದದ್ದು. ನನ್ನ ತಂಗಿ ಒಬ್ಬ ಹುಡುಗನನ್ನು ಜೈಲಿಗೆ ಕಳಿಸಿದ ಭಾರ ಹೊತ್ತೂ ಮತ್ತೆ ಹೋಗಲು ಸಿದ್ಧ. ಯಜಮಾನರು ಯಾರನ್ನೂ ಎಲ್ಲಿಗೂ ಕಳಿಸದೆ ಇನ್ನೆಂದೂ ಹೋಗಲು ಸಿದ್ಧರಿಲ್ಲ. ಇಬ್ಬರಲ್ಲಿ ಯಾರು ಒಳ್ಳೆಯ ನಾಗರಿಕರು ಎಂದು ಕೇಳಿದರೆ ನಾನು ಇಬ್ಬರಿಗೂ ಒಂದೇ ಅಂಕ ಕೊಡುತ್ತೇನೆ. ಅಂಕ ಕಡಿಮೆಯಾಗಬೇಕಾದ್ದು ಕರೆದವರಿಗೆ.

ಸಾಕ್ಷಿಗೆ ಕೂರಲು ಬೆಂಚು ಹಾಕಿಸುವುದಕ್ಕೆ ಸಂಹಿತೆ ತಿದ್ದಬೇಕಾಗಿಲ್ಲ. ವಾಯಿದೆ ಬಿದ್ದಿದೆ, ಬರಬೇಡಿ ಎಂದು ಹಿಂದಿನ ದಿನ ಫೋನಿಗೆ ಒಂದು ಸಂದೇಶ ಕಳಿಸುವುದಕ್ಕೂ, ತೀರ್ಪು ಬಂದ ಮೇಲೆ ಇಂಥ ಕೇಸು ಹೀಗಾಯಿತು, ನೀವು ಬಂದದ್ದಕ್ಕೆ ಕೃತಜ್ಞತೆ ಎಂದು ಒಂದು ಕಾರ್ಡು ಬರೆಯುವುದಕ್ಕೂ ಹೊಸ ಕಾಯ್ದೆ ಬೇಡ. ಸಾಕ್ಷಿಗೆ ಬತ್ತಾ ಕೊಡುವ ಅವಕಾಶ ಕಾನೂನಿನಲ್ಲಿ ಮೊದಲಿಂದಲೂ ಇದೆ, ಕೇಳಬಹುದು ಎಂಬುದು ಹಳ್ಳಿಯವರಿಗೆ ಗೊತ್ತಿಲ್ಲ, ಅಷ್ಟೆ.

ಓದುಗರಲ್ಲಿ ಒಂದು ಮಾತು. ನಾಳೆ ನಿಮ್ಮನ್ನೇ ಮಹಜರಿಗೆ ಕರೆಯಬಹುದು. ಕರೆದರೆ ಹೋಗಿ. ಸೈ ಹಾಕುವ ಮೊದಲು ಜಾಗ ನೋಡಿ, ಸಿಕ್ಕಿದ ವಸ್ತು ನೋಡಿ, ಬರೆದಿದ್ದನ್ನು ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಖಾಲಿ ಹಾಳೆಗೆ ಹಾಕಬೇಡಿ. ನೋಡದ್ದನ್ನು ನೋಡಿದೆನೆಂದು ಬರೆದಿದ್ದರೆ, ಹಾಕುವುದಿಲ್ಲ ಎನ್ನಿ. ಹಾಕಿದ ಮೇಲೆ ಆ ದಿನ, ಆ ಹೊತ್ತು, ಕಣ್ಣಿಗೆ ಕಂಡದ್ದನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ವರ್ಷ ಮುಗಿಯಿತೆಂದು ಆ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ. ಸಮನ್ಸ್ ಅದೇ ವರ್ಷ ಬರುವುದಿಲ್ಲ.